ಇ-ಸ್ಕೂಟರ್ ತಗೊಳ್ಳೋ ಮೊದಲು ಕರೆಂಟ್ ಬಿಲ್ ನೋಡಿ

ಗೃಹಜ್ಯೋತಿ ಇರುವ ಮನೆಯವರಿಗೆ ಒಂದು ಮಾತು. ಎಲೆಕ್ಟ್ರಿಕ್ ಸ್ಕೂಟರ್ ಬುಕ್ ಮಾಡುವ ಮೊದಲು ಹಳೇ ಕರೆಂಟ್ ಬಿಲ್‌ಗಳನ್ನು ತೆಗೆದು ಯೂನಿಟ್ ನೋಡಿ.

ಲೆಕ್ಕ ಸುಲಭ. 3 ಕಿಲೋವ್ಯಾಟ್ ಅವರ್ ಬ್ಯಾಟರಿ ಖಾಲಿಯಿಂದ ತುಂಬಲು ಸುಮಾರು ಮೂರೂವರೆ ಯೂನಿಟ್ ಬೇಕು, ಚಾರ್ಜ್ ಆಗುವಾಗ ಸ್ವಲ್ಪ ಪೋಲಾಗುತ್ತದೆ. ತಿಂಗಳಿಗೆ ಹತ್ತು ಸಲ ಅಂದರೆ 35 ಯೂನಿಟ್. ನಿಮ್ಮದು ಈಗಲೇ 175 ಇದ್ದರೆ 200 ದಾಟುತ್ತದೆ, ಆಗ ಆ ತಿಂಗಳ ಇಡೀ ಬಿಲ್ ನಿಮ್ಮ ತಲೆಗೆ. 200ರ ಒಳಗಿದ್ದರೂ ನಿಮಗೆ ನಿಗದಿಯಾದ ಯೂನಿಟ್‌ಗಿಂತ ಜಾಸ್ತಿ ಬಳಸಿದ್ದಕ್ಕೆ ದುಡ್ಡು ಕಟ್ಟಬೇಕು. ಆದರೂ ಪೆಟ್ರೋಲ್‌ಗಿಂತ ಅಗ್ಗವೇ ಬಿಡಿ.

ನಮ್ಮನೆಯಲ್ಲಿ ಗೀಸರ್ ಬದಲು ಸೋಲಾರ್ ನೀರು ಬಳಸಲು ಶುರು ಮಾಡಿದೆವು, ಸ್ಕೂಟರ್‌ಗೆ ಬೇಕಾದ ಯೂನಿಟ್ ಅಲ್ಲೇ ಉಳಿಯಿತು. ಮಳೆಗಾಲದಲ್ಲಿ ಮಾತ್ರ ಸ್ವಲ್ಪ ಪರದಾಟ.

ಇನ್ನೊಂದು, ಅರ್ಥಿಂಗ್. ಹಳೇ ಮನೆಗಳಲ್ಲಿ ಮೂರು ಪಿನ್ ಸಾಕೆಟ್ ಇರುತ್ತದೆ, ಒಳಗೆ ಅರ್ಥ್ ವೈರೇ ಇರಲ್ಲ! ಎಲೆಕ್ಟ್ರಿಷಿಯನ್‌ಗೆ ಹೇಳಿ ಚೆಕ್ ಮಾಡಿಸಿ, 16 ಆಂಪ್ ಸಾಕೆಟ್ ಹಾಕಿಸಿ. ಎಕ್ಸ್‌ಟೆನ್ಷನ್ ಬೋರ್ಡ್ ಬೇಡವೇ ಬೇಡ. ಬಿಸಿಲಲ್ಲಿ ಓಡಿಸಿ ಬಂದ ತಕ್ಷಣ ಚಾರ್ಜ್‌ಗೆ ಹಾಕಬೇಡಿ, ಅರ್ಧ ಗಂಟೆ ತಣ್ಣಗಾಗಲಿ.