ಗಂಧಕದ ಹೊಗೆ ಹಾಕದೆ ಒಣದ್ರಾಕ್ಷಿ ಮಾಡಿದ ನನ್ನ ಅನುಭವ

ಗಂಧಕ ಬಿಟ್ಟರೆ ಮಾಲು ಕಪ್ಪಾಗುತ್ತದೆ, ಮಹಾರಾಷ್ಟ್ರದ ತಾಸಗಾಂವದ ಒಣದ್ರಾಕ್ಷಿ ಹರಾಜಿನಲ್ಲಿ ಯಾರೂ ಮುಟ್ಟುವುದಿಲ್ಲ ಎಂದು ವಿಜಯಪುರ ಜಿಲ್ಲೆಯ ನಮ್ಮ ತಿಕೋಟಾ ಭಾಗದ ಬೆಳೆಗಾರರೆಲ್ಲ ಹೇಳಿದ್ದರು. ಈ ಹಂಗಾಮಿನಲ್ಲಿ ನನ್ನ ಶೆಡ್ಡಿನಿಂದ ಹೊರಬಂದ ಸುಮಾರು ಎರಡು ಟನ್ ಒಣದ್ರಾಕ್ಷಿಗೆ ಹೊಗೆ ಸೋಕಿಲ್ಲ. ಎಲ್ಲವೂ ಒಳ್ಳೆಯ ದರಕ್ಕೆ ಹೋಗಿದೆ.

ನನಗೆ ಹಠ ಹಿಡಿಸಿದವರು ಮಕ್ಕಳ ಪೌಷ್ಟಿಕ ಹಿಟ್ಟು ಮಾಡುವ ಹುಬ್ಬಳ್ಳಿಯ ಒಬ್ಬ ಗಿರಾಕಿ. ಹೊಗೆ ಹಾಕಿದ ಮಾಲು ಬೇಡವೇ ಬೇಡ ಎಂದರು. ನೂರು ಗ್ರಾಂ ಒಣದ್ರಾಕ್ಷಿಯಲ್ಲಿ ಬಿ1 ಜೀವಸತ್ವ ಇರುವುದೇ 0.1 ಮಿಲಿಗ್ರಾಂ ಆಸುಪಾಸು. ಗಂಧಕದ ಹೊಗೆ ಅದರ ಅಣುವನ್ನೇ ತುಂಡರಿಸುತ್ತದೆ. ಹೊಗೆ ಹಾಕಿದ ಬಂಗಾರದ ಬಣ್ಣದ ಮಾಲಿನಲ್ಲಿ ಅದು ಹೆಸರಿಗಷ್ಟೇ ಉಳಿಯುತ್ತದೆ. ಅಸ್ತಮಾ ಇರುವ ಕೆಲವರಿಗೆ ಉಸಿರಾಟದ ತೊಂದರೆ ಬೇರೆ. ಸಿ ಜೀವಸತ್ವವನ್ನು ಗಂಧಕ ಒಂದಿಷ್ಟು ಕಾಯುತ್ತದೆ ನಿಜ, ಆದರೆ ಒಣಗುವಾಗಲೇ ಅದರ ಹೆಚ್ಚಿನ ಪಾಲು ಹೋಗಿರುತ್ತದೆ. ನಾರು, ಪೊಟ್ಯಾಸಿಯಂ, ಕಬ್ಬಿಣಗಳಿಗೆ ಹೊಗೆ ಹಾಕಿದರೂ ಬಿಟ್ಟರೂ ಅಂಥ ವ್ಯತ್ಯಾಸವಿಲ್ಲ.

ಹೊಗೆ ಬಿಟ್ಟ ಮೊದಲ ವರ್ಷ ಮಾರ್ಚ್‌ನಲ್ಲಿ ಅಕಾಲಿಕ ಮಳೆ ಬಿತ್ತು. ಗಾಳಿಯಲ್ಲಿ ತೇವ ನಿಂತು ಅರ್ಧ ಶೆಡ್ ಕಂದು ತಿರುಗಿತು. ವ್ಯಾಪಾರಿ ಕಿಲೋಗೆ ನಲವತ್ತು ರೂಪಾಯಿ ಕಡಿದ. ಅರವತ್ತು ಸಾವಿರದಷ್ಟು ಕೈಬಿಟ್ಟಿತು. ಮನೆಯಲ್ಲಿ ಅಣ್ಣನೂ ಸಾಕು ಮಾಡು ಎಂದ.

ಬಣ್ಣ ಕೆಡಿಸುವುದು ಹಣ್ಣಿನೊಳಗಿನ ಕಿಣ್ವ. ನೀರು ಬೇಗ ಹೋದಷ್ಟೂ ಅದರ ಆಟ ಬೇಗ ನಿಲ್ಲುತ್ತದೆ. ಅದಕ್ಕಾಗಿ ಸಕ್ಕರೆ ಅಂಶ 23–24 ಬ್ರಿಕ್ಸ್ (ರಸದ ನೂರು ಪಾಲಿನಲ್ಲಿ 23–24 ಪಾಲು) ಮುಟ್ಟುವವರೆಗೆ ಗೊನೆ ಕೊಯ್ಯಲೇ ಇಲ್ಲ. ಸಿಪ್ಪೆಯ ಮೇಣ ಸಡಿಲಾಗಿ ಹಣ್ಣು ಬೇಗ ಒಣಗಲೆಂದು ಅದ್ದುವ ದ್ರಾವಣಕ್ಕೆ ಲೀಟರ್ ನೀರಿಗೆ 25 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟ್, 15 ಮಿಲಿ ಡಿಪ್ಪಿಂಗ್ ಆಯಿಲ್ (ಅದ್ದುವ ಎಣ್ಣೆ) ಎಂಬುದು ಬೆಳೆಗಾರರಿಗೆಲ್ಲ ಗೊತ್ತಿರುವ ಲೆಕ್ಕವೇ. ನಾನು ಬದಲಿಸಿದ್ದು ದ್ರಾವಣವನ್ನು ಬೇಗ ಬೇಗ ಹೊಸದು ಮಾಡುವ ಪದ್ಧತಿ. ಜಾಳಿಗೆಯ ಮೇಲೆ ಹಣ್ಣನ್ನು ಮೊದಲಿಗಿಂತ ತೆಳುವಾಗಿ ಹರಡಿದೆ. ರಾತ್ರಿ ಗಾಳಿ ಬಿದ್ದಾಗ ಫ್ಯಾನ್ ಓಡಿಸಿದೆ. ಕರೆಂಟ್ ಬಿಲ್ ಐದು ಸಾವಿರ ಹೆಚ್ಚಾಯಿತು. ಹರಡಿದ ಹಣ್ಣಿಗೆ ದ್ರಾವಣದ ಎರಡನೇ ಸಿಂಪಡಣೆ ಯಾವಾಗ, ಎಷ್ಟು ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ನನ್ನ ಬಣ್ಣದ ಗುಟ್ಟು ಇರುವುದೇ ಅಲ್ಲಿ.

ಎರಡು ವಾರದ ಹೊತ್ತಿಗೆ ಮಾಲು ಸಿದ್ಧ. ಕಾಯಿಯನ್ನು ಬೆರಳ ನಡುವೆ ಒತ್ತಿದರೆ ರಸ ಬರಬಾರದು; ಬಿಟ್ಟ ಮೇಲೆ ಸುಕ್ಕು ಮೆಲ್ಲಗೆ ಬಿಚ್ಚಿಕೊಳ್ಳಬೇಕು. ಬಣ್ಣ ಹಸಿರು ಮಿಶ್ರಿತ ಜೇನಿನದು. ಬಂಗಾರದ ಹೊಳಪಿಲ್ಲ, ಆದರೆ ಬಾಯಿಗೆ ಹಾಕಿದರೆ ಗಂಧಕದ ಚುರುಕು ಇಲ್ಲದೆ ದ್ರಾಕ್ಷಿಯ ರುಚಿಯೇ ಸಿಗುತ್ತದೆ.

ನಡುವೆ ನಮ್ಮ ಜಿಲ್ಲೆಯ ಇಂಡಿ ಊರಿನ ನಿಂಬೆಯ ರಸವನ್ನೂ ಒಂದು ಬುಟ್ಟಿಗೆ ಪ್ರಯೋಗಿಸಿ ನೋಡಿದೆ, ಹುಳಿ ಬಣ್ಣ ಕಾಯುತ್ತದೆ ಎಂಬ ಆಸೆಯಿಂದ. ಅದ್ದುವ ದ್ರಾವಣಕ್ಕೆ ಹಾಕುತ್ತಲೇ ಬುಸುಬುಸು ನೊರೆ ಎದ್ದಿತು. ಕಾರ್ಬೊನೇಟಿನ ಬಲವೇ ಹೋಗಿ ಆ ಬುಟ್ಟಿಯ ಹಣ್ಣು ತಡವಾಗಿ ಒಣಗಿತು. ನಿಂಬೆಯನ್ನು ಬೇರೆ ಹಂತದಲ್ಲಿ ಕೊಡುವ ವಿಚಾರ ತಲೆಯಲ್ಲಿದೆ.

ಹರಾಜಿನ ದರ ಕಿಲೋಗೆ 190 ಇದ್ದಾಗ ನಾನು ನೇರವಾಗಿ 240ರ ಸುಮಾರಿಗೆ ಕೊಟ್ಟೆ. ವಿಂಗಡಣೆ, ಪ್ಯಾಕಿಂಗ್ ಕಳೆದರೂ ಮೊದಲ ವರ್ಷದ ಪೆಟ್ಟು ತುಂಬಿತು. ಮಾಡಿ ನೋಡುವವರು ಕೋಲ್ಡ್ ಸ್ಟೋರೇಜಿನ ಬಾಡಿಗೆಯನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಹೊಗೆ ಕಾಣದ ಮಾಲು ವಿಜಯಪುರದ ಬೇಸಿಗೆಯಲ್ಲಿ ಹೊರಗೆ ಬಿದ್ದಿದ್ದರೆ ಬಣ್ಣ ಗಾಢವಾಗುತ್ತಲೇ ಹೋಗುತ್ತದೆ.