ಡ್ರಿಬಲ್ ಇಲ್ಲದ 10 ನಿಮಿಷ
ಬ್ಯಾಸ್ಕೆಟ್‌ಬಾಲ್ ಹೊಸದಾಗಿ ಕಲಿಯುವವರನ್ನು ಅರ್ಧ ಕೋರ್ಟಿನಲ್ಲಿ ಮೂವರಿಗೆ ಮೂವರಂತೆ ಬಿಟ್ಟು, 10 ನಿಮಿಷ ಡ್ರಿಬಲ್ ಇಲ್ಲದೆ ಆಡಿಸಿ. ಪಾಸ್ ಮತ್ತು ಶಾಟ್ ಮಾತ್ರ. ಚೆಂಡು ಹಿಡಿದವರು ಅದನ್ನು ಪುಟಿಸುತ್ತಾ ಓಡುವಂತಿಲ್ಲವಲ್ಲ, ಹಾಗಾಗಿ ಉಳಿದಿಬ್ಬರು ಸುಮ್ನೆ ನಿಂತು ನೋಡುವ ಹಾಗಿಲ್ಲ. ಎದುರಾಳಿಯಿಂದ ತಪ್ಪಿಸಿಕೊಂಡು ಖಾಲಿ ಜಾಗಕ್ಕೆ ಓಡಿ, ಕೈ ತೋರಿಸಿ ಚೆಂಡು ಕೇಳಲೇಬೇಕು. ಒಂದು ಕಾಲು ಊರಿ ಇನ್ನೊಂದನ್ನು ತಿರುಗಿಸುವ ಪಿವಟ್ ಕೂಡ ಇದರಲ್ಲೇ ಪಳಗುತ್ತದೆ. ನನಗೆ ಜಾಸ್ತಿ ಇಷ್ಟವಾಗುವುದು, ಹಿಂಜರಿದು ಮೂಲೆಯಲ್ಲಿ ನಿಲ್ಲುವವರ ಕೈಗೂ ಚೆಂಡು ಬರುತ್ತದೆ ಎನ್ನುವುದು. ಆದರೆ ಎದೆಮಟ್ಟಕ್ಕೆ ಬಂದ ಪಾಸನ್ನೇ ಹಿಡಿಯಲು ಬಾರದವರಿಗೆ ಇದು ಕೆಲಸಕ್ಕೆ ಬರುವುದಿಲ್ಲ, ಚೆಂಡು ಬರೀ ಗೆರೆಯಾಚೆ ಹೋಗುತ್ತಿರುತ್ತದೆ. ಅಂಥವರು ಮೊದಲು ಇಬ್ಬಿಬ್ಬರಾಗಿ ಎದುರುಬದುರು ನಿಂತು ಪಾಸ್ ಅಭ್ಯಾಸ ಮಾಡಲಿ.