ಎಣಿಕೆಗೆ ಮುಂಚೆಯೇ ತೀರಬೇಕಾದ ತಕರಾರು: ಕಾರ್ಮಿಕ ಸಂಘದ ಚುನಾವಣಾಧಿಕಾರಿಯಾಗಿ ನನ್ನ ಅನುಭವ

ಪೀಣ್ಯದ ಯಂತ್ರಭಾಗಗಳ ಕಾರ್ಖಾನೆಯೊಂದರ ನೌಕರರ ಸಂಘದವರು ತಮ್ಮ ಪದಾಧಿಕಾರಿಗಳ ಚುನಾವಣೆ ನಡೆಸಿಕೊಡಬೇಕೆಂದು ಕೇಳಿದಾಗ, ಒಪ್ಪಿಕೊಳ್ಳುವ ಮೊದಲು ನಾನು ಎರಡೂ ತಂಡಗಳ ಪ್ರಮುಖರನ್ನು ಒಟ್ಟಿಗೆ ಕೂರಿಸಿ ಒಂದು ಷರತ್ತು ಹಾಕಿದೆ. ಮತಪಟ್ಟಿಯ ಮೇಲೆ ಯಾರಿಗೆ ಏನೇ ಆಕ್ಷೇಪವಿದ್ದರೂ ನಾನು ಗೊತ್ತುಮಾಡಿದ ದಿನದೊಳಗೆ ಬರೆದು ಕೊಡಬೇಕು. ಮತದಾನಕ್ಕೆ ಆರು ದಿನ ಇರುವಾಗಲೇ ನಾನು ಕಾರಣ ಸಹಿತ ಲಿಖಿತ ತೀರ್ಮಾನ ಕೊಡುತ್ತೇನೆ. ಆಮೇಲೆ ಅದೇ ವಿಷಯವನ್ನು ಎಣಿಕೆಯ ಮೇಜಿನ ಮುಂದೆ ಎತ್ತುವಂತಿಲ್ಲ. ಇಬ್ಬರೂ ಸಹಿ ಹಾಕಿದರು.

ಈ ಷರತ್ತು ನನಗೆ ಪುಸ್ತಕದಿಂದ ಬಂದದ್ದಲ್ಲ. ನಾನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿದ ಕಾರ್ಖಾನೆಯಲ್ಲಿ ಒಮ್ಮೆ ಎಣಿಕೆ ಮುಗಿದ ಮೇಲೆ ಮತಪಟ್ಟಿಯ ಜಗಳ ಆರಂಭವಾಯಿತು. ಸೋತ ತಂಡ ಸಿವಿಲ್ ನ್ಯಾಯಾಲಯಕ್ಕೆ ಹೋಗಿ ತಡೆಯಾಜ್ಞೆ ತಂದಿತು, ಹಳೆಯ ಸಮಿತಿ ಕಚೇರಿಯ ಬೀಗ ಬಿಟ್ಟುಕೊಡಲಿಲ್ಲ, ಹೊಸ ಸಮಿತಿ ಬೇರೆ ಲೆಟರ್‌ಹೆಡ್ ಮಾಡಿಸಿತು. ಯಾರೊಡನೆ ಮಾತನಾಡಬೇಕು ಎಂಬುದೇ ತಿಳಿಯುತ್ತಿಲ್ಲವೆಂದು ಆಡಳಿತ ವರ್ಗ ನಮ್ಮ ಬೇಡಿಕೆ ಪಟ್ಟಿಯನ್ನು ಬದಿಗಿಟ್ಟಿತು. ಸಂಬಳದಲ್ಲಿ ಹಿಡಿದ ಚಂದಾ ಹಣ ಎರಡು ಸಮಿತಿಗಳ ನಡುವೆ ಸಿಕ್ಕಿಕೊಂಡಿತು. ಕಾರ್ಮಿಕ ಇಲಾಖೆಯ ಮುಂದೆ ಆಗಬೇಕಿದ್ದ 12(3) ಒಪ್ಪಂದ, ಅಂದರೆ ಕೈಗಾರಿಕಾ ವಿವಾದಗಳ ಕಾಯ್ದೆಯಡಿಯ ರಾಜಿ ಒಪ್ಪಂದ, ಮುಂದೆ ಹೋದಂತೆಲ್ಲ, ಈ ಜಗಳದಲ್ಲಿ ಯಾವ ಪಾಲೂ ಇಲ್ಲದ ಕಾರ್ಮಿಕರು ಹಳೆಯ ಸಂಬಳದಲ್ಲೇ ದಿನ ದೂಡಿದರು. ಆ ದಿನಗಳ ನೋವು ನನ್ನಲ್ಲಿ ಇನ್ನೂ ಇದೆ.

ಆಗ ಜಾರಿಯಲ್ಲಿದ್ದದ್ದು 1926ರ ಕಾರ್ಮಿಕ ಸಂಘಗಳ ಕಾಯ್ದೆ. ಕಾರ್ಯಕಾರಿ ಸಮಿತಿಯನ್ನು ಹೇಗೆ ನೇಮಿಸಬೇಕೆಂಬುದು ಸಂಘದ ಬೈಲಾದಲ್ಲಿರಬೇಕು ಎಂದು ಅದರ 6ನೇ ಕಲಂ ಹೇಳುತ್ತಿತ್ತೇ ಹೊರತು, ಚುನಾವಣೆ ಸರಿಯಾಗಿ ನಡೆಯಿತೇ ಇಲ್ಲವೇ ಎಂದು ವಿಚಾರಣೆ ಮಾಡಿ ತೀರ್ಪು ಕೊಡುವ ಅಧಿಕಾರವನ್ನು ಆ ಕೇಂದ್ರ ಕಾಯ್ದೆ ಸಂಘಗಳನ್ನು ನೋಂದಾಯಿಸುವ ರಿಜಿಸ್ಟ್ರಾರರಿಗೆ ಕೊಟ್ಟಿರಲಿಲ್ಲ. ಎರಡು ತಂಡಗಳೂ ತಾವೇ ಗೆದ್ದೆವೆಂದು ಅರ್ಜಿ ಕೊಟ್ಟರೆ ಕೊನೆಗೆ ಸಿವಿಲ್ ದಾವೆಯೇ ಗತಿಯಾಗುತ್ತಿತ್ತು. ಈಗ 2025ರ ನವೆಂಬರ್ 21ರಂದು ಜಾರಿಗೆ ಬಂದ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ, ಪದಾಧಿಕಾರಿಗಳ ಚುನಾವಣೆಯ ವಿವಾದವನ್ನು ಸದಸ್ಯರು ಕೈಗಾರಿಕಾ ನ್ಯಾಯಮಂಡಳಿಯ ಮುಂದೆ ಒಯ್ಯಬಹುದು ಎನ್ನುತ್ತದೆ. ಇದು ಒಳ್ಳೆಯ ಬದಲಾವಣೆ. ಆದರೂ ನ್ಯಾಯಮಂಡಳಿಯ ಮೆಟ್ಟಿಲು ಹತ್ತಿದ ಮೇಲೆ ಅಲ್ಲಿ ನೋಡುವುದು ಕಾಗದಗಳನ್ನೇ, ಮತ್ತು ಆ ಕಾಗದಗಳು ಹುಟ್ಟುವುದು ಚುನಾವಣಾಧಿಕಾರಿಯ ಮೇಜಿನ ಮೇಲೆ.

ಪ್ರಕಟಿಸಿದ ಕರಡು ಪಟ್ಟಿಯಲ್ಲಿ 612 ಹೆಸರುಗಳಿದ್ದವು. ಅವುಗಳಲ್ಲಿ 38 ಹೆಸರುಗಳ ಮೇಲೆ ಆಕ್ಷೇಪ ಬಂತು. ಮತದಾನಕ್ಕೆ 30 ದಿನ ಮುಂಚೆ ಚಂದಾ ಬಾಕಿ ತೀರಿಸಿದವರಿಗೆ ಮಾತ್ರ ಮತವೆಂದು ಬೈಲಾದಲ್ಲಿ ಸ್ಪಷ್ಟವಾಗಿತ್ತು; ಈ 38 ಜನರ ಹಣವನ್ನು ಗಡುವು ಮುಗಿದ ಮೇಲೆ ಯಾರೋ ಒಟ್ಟಿಗೆ ಕಟ್ಟಿ, ಹಿಂದಿನ ತಾರೀಕು ಹಾಕಿ ರಸೀದಿ ಹರಿದಿದ್ದಾರೆ ಎಂಬುದು ದೂರು. ರಸೀದಿಗಳನ್ನು ನೋಡಿದರೆ ಎಲ್ಲದರ ಮೇಲೂ ಗಡುವಿನ ಹಿಂದಿನ ದಿನದ ತಾರೀಕಿತ್ತು. ಒಂದೇ ಕೈಬರಹ, ಒಂದೇ ನೀಲಿ ಶಾಯಿ, ಸಂಖ್ಯೆಗಳು ಒಂದರ ಹಿಂದೊಂದು. ಆದರೆ ಕೈಬರಹ ಒಂದೇ ಎನ್ನುವುದರಿಂದ ಏನೂ ಸಾಬೀತಾಗುವುದಿಲ್ಲ, ಏಕೆಂದರೆ ಸಂಘದಲ್ಲಿ ರಸೀದಿ ಬರೆಯುವವರು ಖಜಾಂಚಿ ಒಬ್ಬರೇ. ಹಾಗಾಗಿ ನಾನು ರಸೀದಿಯನ್ನು ಬಿಟ್ಟು ರಸೀದಿ ಪುಸ್ತಕದ ಹಿಂದೆ ಹೋದೆ. ಪುಸ್ತಕದ ಹಿಂಬದಿಯ ರಟ್ಟಿನ ಮೇಲೆ ಮುದ್ರಣಾಲಯದ ಹೆಸರು ಸಣ್ಣಕ್ಷರದಲ್ಲಿತ್ತು. ಖರ್ಚಿನ ವೋಚರುಗಳ ಕಡತದಲ್ಲಿ ಹುಡುಕಿದಾಗ ಅದೇ ಮುದ್ರಣಾಲಯದ ಬಿಲ್ಲು ಸಿಕ್ಕಿತು. ಆ ಪುಸ್ತಕ ಅಚ್ಚಾಗಿ ಸಂಘದ ಕೈಗೆ ಬಂದದ್ದು ರಸೀದಿಯ ಮೇಲಿನ ತಾರೀಕಿಗಿಂತ ಐದು ದಿನ ತಡವಾಗಿ. ಇಲ್ಲದ ಪುಸ್ತಕದಿಂದ ರಸೀದಿ ಹರಿಯಲು ಸಾಧ್ಯವಿರಲಿಲ್ಲ. ಎರಡೂ ತಂಡದವರನ್ನು ಕರೆದು ಬಿಲ್ಲನ್ನೂ ರಟ್ಟನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟೆ. ಯಾರೂ ದನಿ ಎತ್ತಲಿಲ್ಲ.

ಅಲ್ಲಿಗೇ 38 ಹೆಸರನ್ನೂ ಹೊಡೆದುಹಾಕಿದ್ದರೆ ಕೆಲಸ ಸುಲಭವಾಗಿ ಮುಗಿಯುತ್ತಿತ್ತು, ಆದರೆ ಅದು ಅನ್ಯಾಯವಾಗುತ್ತಿತ್ತು. ಅವರನ್ನೆಲ್ಲ ಪಾಳಿ ಮುಗಿದ ಮೇಲೆ ಕ್ಯಾಂಟೀನಿನ ಮೂಲೆಯ ಮೇಜಿಗೆ ಒಬ್ಬೊಬ್ಬರಾಗಿ ಕರೆಸಿ, ಎರಡೂ ತಂಡದ ಏಜೆಂಟರ ಎದುರಿಗೆ ಕೇಳಿದೆ: ದುಡ್ಡು ಯಾರಿಗೆ ಕೊಟ್ಟಿರಿ, ಯಾವಾಗ ಕೊಟ್ಟಿರಿ? ಗ್ರೈಂಡಿಂಗ್ ವಿಭಾಗದ ಹನ್ನೊಂದು ಜನ ಒಂದೇ ಉತ್ತರ ಕೊಟ್ಟರು. ಸಂಬಳದ ದಿನವೇ ತಮ್ಮ ವಿಭಾಗದ ಸಮಿತಿ ಸದಸ್ಯರ ಕೈಗೆ ಕೊಟ್ಟಿದ್ದೆವು ಎಂದರು. ಆ ಸದಸ್ಯರು ಜೇಬಿನಿಂದ ಒಂದು ಪುಟ್ಟ ನೋಟ್‌ಬುಕ್ ತೆಗೆದರು. ಎಣ್ಣೆಯ ಬೆರಳಚ್ಚು ಮೆತ್ತಿದ ಆ ಹಾಳೆಗಳಲ್ಲಿ ಹಾಲಿನ ಲೆಕ್ಕ, ಓಟಿ ಗಂಟೆಗಳು, ಚೀಟಿಯ ಕಂತು, ಇವುಗಳ ನಡುವೆ ಹನ್ನೊಂದು ಹೆಸರುಗಳೂ ಮೊತ್ತವೂ ಇದ್ದವು. ಹಿಂದಿನ ಸಾಲೂ ಮುಂದಿನ ಸಾಲೂ ಬೇರೆ ಬೇರೆ ದಿನಗಳ ಖರ್ಚಾಗಿದ್ದು, ನಡುವೆ ಆಮೇಲೆ ತೂರಿಸಲು ಜಾಗವೇ ಇರಲಿಲ್ಲ. ಆ ಹಣವನ್ನು ಅವರು ಖಜಾಂಚಿಗೆ ತಡವಾಗಿ ಮುಟ್ಟಿಸಿದ್ದರು. ಸದಸ್ಯ ತನ್ನ ಕೈಯಿಂದ ಹಣ ಕೊಟ್ಟ ಮೇಲೆ ಪದಾಧಿಕಾರಿಯ ವಿಳಂಬಕ್ಕಾಗಿ ಅವನ ಮತ ಹೋಗಬಾರದೆಂದು ಬರೆದು ಆ ಹನ್ನೊಂದು ಜನರನ್ನು ಉಳಿಸಿದೆ. ಉಳಿದ 27 ಜನರಲ್ಲಿ ಕೆಲವರಿಗೆ ತಮ್ಮ ಚಂದಾ ಯಾರು ಕಟ್ಟಿದರೆಂಬುದೇ ಗೊತ್ತಿರಲಿಲ್ಲ, ಮಿಕ್ಕವರ ಬಳಿ ಆಧಾರವಿರಲಿಲ್ಲ. ಅವರ ಹೆಸರು ತೆಗೆದೆ. ಪಟ್ಟಿ 585ಕ್ಕೆ ನಿಂತಿತು.

ಈ ತೀರ್ಮಾನದಿಂದ ಎರಡು ತಂಡಕ್ಕೂ ಸಮಾಧಾನವಾಗಲಿಲ್ಲ. ನೋಟ್‌ಬುಕ್ಕನ್ನು ನಂಬಿದ್ದು ತಪ್ಪೆಂದು ಒಬ್ಬರು, 27 ಜನರಿಗೆ ಅನ್ಯಾಯವಾಯಿತೆಂದು ಇನ್ನೊಬ್ಬರು. ಆ 27 ಜನರಲ್ಲಿ ನಿಜವಾಗಿ ಹಣ ಕೊಟ್ಟೂ ಆಧಾರವಿಲ್ಲದವರು ಒಬ್ಬಿಬ್ಬರಾದರೂ ಇದ್ದಿರಬಹುದೆಂಬ ಅಳುಕು ನನಗೆ ಈಗಲೂ ಇದೆ. ಆದರೆ ನಾನು ಅದನ್ನು ಬರೆದದ್ದು ಒಂದು ಮತವೂ ಬೀಳುವ ಮುಂಚೆ. ಯಾರು ಎಷ್ಟು ಅಂತರದಲ್ಲಿ ಗೆಲ್ಲುತ್ತಾರೆಂಬುದು ನನಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ. ಎರಡು ಪುಟದ ಆ ತೀರ್ಮಾನವನ್ನು ಗೇಟಿನ ಪಕ್ಕದ ಸಂಘದ ಫಲಕಕ್ಕೆ ಹಚ್ಚಿದ್ದಲ್ಲದೆ ಮೂರೂ ಪಾಳಿಯವರಿಗೆ ಗೇಟ್ ಮೀಟಿಂಗಿನಲ್ಲಿ ನಾನೇ ಓದಿ ಹೇಳಿದೆ.

ಪ್ರಚಾರದ ವೇಳೆ ಬಂದದ್ದು ಒಂದೇ ಗಂಭೀರ ದೂರು. ವಿಭಾಗದ ಅಧಿಕಾರಿಯೊಬ್ಬರು ಒಂದು ತಂಡದವರಿಗೆ ಕೆಲಸದ ವೇಳೆಯಲ್ಲೇ ಮತ ಕೇಳಲು ಬಿಟ್ಟಿದ್ದರು. ಆಡಳಿತ ವರ್ಗ ಸಂಘದ ವಿಚಾರದಲ್ಲಿ ಕೈ ಹಾಕುವುದು ಆಗ ಜಾರಿಯಲ್ಲಿದ್ದ ಕೈಗಾರಿಕಾ ವಿವಾದಗಳ ಕಾಯ್ದೆಯ ಐದನೇ ಅನುಸೂಚಿಯಂತೆ ಅನುಚಿತ ಕಾರ್ಮಿಕ ಪದ್ಧತಿಯಾಗುತ್ತದೆ ಎಂದು ಪರ್ಸನಲ್ ವಿಭಾಗಕ್ಕೆ ಪತ್ರ ಬರೆದೆ. ಮರುದಿನದಿಂದ ಎರಡು ತಂಡಕ್ಕೂ ಊಟದ ವಿರಾಮದಲ್ಲಿ ಕ್ಯಾಂಟೀನಿನೊಳಗೆ ಸಮಾನ ಸಮಯ ಸಿಕ್ಕಿತು.

ಮತದಾನ ಮೂರು ಪಾಳಿಯಲ್ಲೂ ನಡೆಯಬೇಕಾದ್ದರಿಂದ ಪೆಟ್ಟಿಗೆ ಒಂದು ರಾತ್ರಿ ಹಾಗೇ ಇರಬೇಕಿತ್ತು. ಸಹಕಾರ ಸಂಘದಿಂದ ಎರವಲು ತಂದ ತಗಡಿನ ಪೆಟ್ಟಿಗೆ ಅದು. ಬೀಗಕ್ಕೆ ಅರಗಿನ ಮೊಹರು ಹಾಕಿ, ಮತ ಹಾಕುವ ಸೀಳಿನ ಮೇಲೆ ಕಾಗದದ ಪಟ್ಟಿ ಅಂಟಿಸಿ, ಅರ್ಧ ಪಟ್ಟಿಯ ಮೇಲೂ ಅರ್ಧ ತಗಡಿನ ಮೇಲೂ ಬರುವಂತೆ ಇಬ್ಬರು ಏಜೆಂಟರಿಂದ ಸಹಿ ಮಾಡಿಸಿದೆ. ಅವರಿಬ್ಬರೂ ಆ ರಾತ್ರಿ ಅದೇ ಕೋಣೆಯಲ್ಲಿ ಚಾಪೆ ಹಾಸಿ ಮಲಗಿದರು.

ಎಣಿಕೆಯಲ್ಲಿ ಒಂದು ತೊಡಕು ಬಂತು. ಮತಪತ್ರದ ಪುಸ್ತಕಗಳ ಕೌಂಟರ್‌ಫಾಯಿಲ್ ಪ್ರಕಾರ ಕೊಟ್ಟ ಮತಪತ್ರಗಳು 561, ಪೆಟ್ಟಿಗೆಯಲ್ಲಿ ಸಿಕ್ಕಿದ್ದು 559. ಹೊರಗೆ ಸುದ್ದಿ ಹಬ್ಬಿ ಕೂಗು ಶುರುವಾಯಿತು. ಎಣಿಕೆ ನಿಲ್ಲಿಸಿ, ಬಾಗಿಲು ಹಾಕಿಸಿ, ಪ್ರತಿ ಪಾಳಿಯ ಲಕೋಟೆಯನ್ನೂ ಏಜೆಂಟರ ಕೈಯಲ್ಲೇ ತೆರೆಸಿದೆ. ರಾತ್ರಿ ಪಾಳಿಯ ಲಕೋಟೆಯಲ್ಲಿ ಮಡಿಸಿಟ್ಟ ಎರಡು ಮತಪತ್ರಗಳಿದ್ದವು. ಮೊಹರು ತಪ್ಪು ಜಾಗಕ್ಕೆ ಬಿದ್ದಿತೆಂದು ಸದಸ್ಯರಿಬ್ಬರು ಹಿಂದಿರುಗಿಸಿ ಬೇರೆ ಪಡೆದಿದ್ದರು. ಮತಗಟ್ಟೆಯ ಸಹಾಯಕರು ಅದನ್ನು ಲೆಕ್ಕದ ಹಾಳೆಯಲ್ಲಿ ಬರೆಯಲು ಮರೆತಿದ್ದರು. ಇದು ಅವರಿಗೆ ಸರಿಯಾಗಿ ಹೇಳಿಕೊಡದಿದ್ದ ನನ್ನ ತಪ್ಪೇ. ಅಲ್ಲಿಯೇ ಮಹಜರು ಬರೆದು, ಎಲ್ಲರ ಸಹಿ ಪಡೆದು ಎಣಿಕೆ ಮುಂದುವರಿಸಿದೆ.

ಪ್ರಧಾನ ಕಾರ್ಯದರ್ಶಿ ಸ್ಥಾನಕ್ಕೆ ಗೆದ್ದವರಿಗೆ 286, ಸೋತವರಿಗೆ 267, ಕುಲಗೆಟ್ಟದ್ದು 6. ಅಂತರ 19. ಪಟ್ಟಿಯಿಂದ ತೆಗೆದ ಹೆಸರುಗಳು 27, ಅವರಲ್ಲಿ ಹೆಚ್ಚಿನವರು ಸೋತವರ ಕಡೆಯವರೆಂಬುದು ಎಲ್ಲರಿಗೂ ಗೊತ್ತಿತ್ತು. ಕೋಣೆಯಲ್ಲಿದ್ದ ಪ್ರತಿಯೊಬ್ಬರೂ ಮನಸ್ಸಿನಲ್ಲಿ ಅದೇ ಲೆಕ್ಕ ಹಾಕುತ್ತಿದ್ದರು. ಸೋತ ಅಭ್ಯರ್ಥಿ ನನಗಿಂತ ಹಿರಿಯರು, ಮೂವತ್ತು ವರ್ಷ ಲೇತ್ ಮೇಲೆ ನಿಂತವರು. ಅವರು ನನ್ನನ್ನೇ ನೋಡುತ್ತ, “ಸಾರ್, ಆ 27 ಮತ ಇದ್ದಿದ್ದರೆ?” ಎಂದರು.

“ಅಣ್ಣ, ಇದ್ದಿದ್ದರೆ ನೀವು ಗೆಲ್ಲುತ್ತಿದ್ದಿರೇನೋ. ಆದರೆ ನಾನು ಅದನ್ನು ಬರೆದ ದಿನ ಅಂತರ ಹತ್ತೊಂಬತ್ತು ಎಂದು ನನಗೆ ಹೇಗೆ ಗೊತ್ತಿರಬೇಕು?” ಎಂದೆ.

ಅವರು ಬಹಳ ಹೊತ್ತು ಮಾತನಾಡಲಿಲ್ಲ. ಮರುಎಣಿಕೆ ಕೇಳಿದರು, ಅದು ಅವರ ಹಕ್ಕು. ಮಾಡಿಸಿದೆ, ಸಂಖ್ಯೆ ಬದಲಾಗಲಿಲ್ಲ. ಕೊನೆಗೆ ಫಲಿತಾಂಶದ ಹಾಳೆಯ ಮೇಲೆ ತಮ್ಮ ಸಹಿಯ ಕೆಳಗೆ ಅವರೇ ಷರಾ ಬರೆದರು: “ಹೆಸರು ತೆಗೆದದ್ದರ ಬಗ್ಗೆ ನನ್ನ ಆಕ್ಷೇಪ ಉಳಿದಿದೆ. ಎಣಿಕೆಯ ಬಗ್ಗೆ ಇಲ್ಲ.” ಆ ಷರಾವನ್ನು ಹಾಗೆಯೇ ಇಟ್ಟು, ಆಕ್ಷೇಪ ಪತ್ರಗಳು, ನನ್ನ ತೀರ್ಮಾನ, ಬಿಲ್ಲಿನ ಪ್ರತಿ, ನೋಟ್‌ಬುಕ್ ಹಾಳೆಯ ನಕಲು, ಮಹಜರು ಎಲ್ಲವನ್ನೂ ಒಂದೇ ಕಡತ ಮಾಡಿ ಒಂದೊಂದು ಪ್ರತಿಯನ್ನು ಎರಡು ತಂಡಕ್ಕೂ ಕೊಟ್ಟೆ. ಪದಾಧಿಕಾರಿಗಳ ಬದಲಾವಣೆಯ ವಿವರ ರಿಜಿಸ್ಟ್ರಾರರ ಕಚೇರಿಗೆ ಹೋಯಿತು. ಯಾರೂ ನ್ಯಾಯಾಲಯಕ್ಕೆ ಹೋಗಲಿಲ್ಲ.

ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಬೈಲಾ ತಿದ್ದುಪಡಿಯನ್ನು ಮಂಡಿಸಿದವರು ಆ ಹಿರಿಯರೇ. ವಿಭಾಗದ ಸಮಿತಿ ಸದಸ್ಯರು ಚಂದಾ ಪಡೆದ ಕ್ಷಣದಲ್ಲೇ ತಾತ್ಕಾಲಿಕ ರಸೀದಿ ಕೊಡಬೇಕು, ಗಡುವಿನ ಸಂಜೆ ಖಜಾಂಚಿ ಎಲ್ಲ ರಸೀದಿ ಪುಸ್ತಕಗಳ ಕೊನೆಯ ಸಂಖ್ಯೆಯನ್ನು ಫಲಕದ ಮೇಲೆ ಬರೆದು ಸಹಿ ಮಾಡಬೇಕು ಎಂಬುದು ಅದರ ಸಾರಾಂಶ. ಗೆದ್ದವರ ತಂಡವೇ ಅನುಮೋದಿಸಿತು. ಕಾಯ್ದೆಯಂತೆ ಹದಿನೈದು ದಿನದೊಳಗೆ ತಿದ್ದುಪಡಿಯ ಪ್ರತಿಯನ್ನು ರಿಜಿಸ್ಟ್ರಾರರಿಗೆ ಕಳುಹಿಸಿದರು.